ನಾಲ್ಕನೆಯವರ ಲೆಕ್ಕ

ಮೂವರು ಅಂಗಡಿಯ ಹೊಸಿಲು ದಾಟಿದರು. ಗೋಡೆಯ ಡಯಲಿನ ಮುಳ್ಳು ಮಾತ್ರ ನಾಲ್ಕು ಗೆರೆ ಸರಿಯಿತು. ಖುರ್ಷೀದ್ ಸಾಬರು ಚಹಾದ ಲೋಟ ಕೆಳಗಿಟ್ಟರು.

ಶಿವಾಜಿನಗರದ ಅವರ ಗುಜರಿ ಅಂಗಡಿಯಲ್ಲಿ ಆ ಹಿತ್ತಾಳೆ ಡಯಲ್ ನೇತಾಡಲು ಶುರುವಾಗಿ ವರ್ಷಗಳೇ ಆದವು. ತೂತು ಹೊಡೆದ ಕಾರ್ಡುಗಳಿಂದ ಜನಗಣತಿಯ ಲೆಕ್ಕ ಹಾಕುತ್ತಿದ್ದ ಹಳೇ ಯಂತ್ರದ ತುಂಡು ಅದು. ಯಂತ್ರ ಯಾವಾಗಲೋ ಕುಲುಮೆ ಸೇರಿತ್ತು. ಇದಕ್ಕೆ ವೈರೂ ಇಲ್ಲ, ಕೀಲಿಯೂ ಇಲ್ಲ. ಆದರೂ ಯಾರಾದರೂ ಹೊರಗೆ ಹೋದರೆ ಮುಳ್ಳು ಟಕ್ ಎಂದು ಒಂದು ಗೆರೆ ಸರಿಯುತ್ತದೆ. ದಿನವೂ ರಾಶಿ ಕಬ್ಬಿಣ ಅದೇ ಬಾಗಿಲು ದಾಟುತ್ತದೆ, ಅದಕ್ಕೆ ಮಿಸುಕುವುದಿಲ್ಲ.

ಹೊರಟವರು ಮಹಡಿಯ ಬಾಡಿಗೆ ಕೋಣೆಯ ಶರಣಬಸವ, ಅವನ ಬಸುರಿ ಹೆಂಡತಿ ನಾಗರತ್ನಾ, ತಾಯಿ ಜಟ್ಟೆಮ್ಮ. ನಿನ್ನೆಯ ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತ ಸಿಕ್ಕಿರಲಿಲ್ಲ. ಇವತ್ತು ಇನ್ನೊಮ್ಮೆ ನೋಡೋಣ ಎಂದಿದ್ದರು ಡಾಕ್ಟರು.

“ನಾಲ್ಕು ಬಿತ್ತಮ್ಮಾ,” ಎಂದರು ಸಾಬರು. “ಈ ಡಬ್ಬಾ ಸುಳ್ಳು ಹೇಳಲ್ಲ. ಧೈರ್ಯವಾಗಿ ಹೋಗ್ಬನ್ನಿ.”

ಅತ್ತು ಅತ್ತು ಊದಿದ್ದ ನಾಗರತ್ನಾಳ ಮುಖದಲ್ಲಿ ನಗು ಬಂತು. “ನಾ ಹೇಳಿದ್ದಿಲ್ಲೇನ್ರೀ? ಕೂಸು ಅದ.” ಶರಣಬಸವ ಅವಳನ್ನು ಆಟೋ ಹತ್ತಿಸಿದ.

ಜಟ್ಟೆಮ್ಮ ಮಾತ್ರ ನಿಂತಲ್ಲೇ ನಿಂತಳು. ಅವಳ ಮುಷ್ಟಿಯಲ್ಲೊಂದು ಕಲ್ಲಿತ್ತು. ಮೂರು ಮಂದಿ ಒಟ್ಟಿಗೆ ಹೊರಡಬಾರದೆಂದು, ನಾಲ್ಕನೆಯವರ ಲೆಕ್ಕಕ್ಕೆ ಮಹಡಿಯ ಮೆಣಸಿನಗಿಡದ ಕುಂಡದಿಂದ ಹೆಕ್ಕಿಕೊಂಡಿದ್ದಳು.

“ಚೀಲ ಮರ್ತೀನಿ, ಬಂದೆ,” ಎಂದು ಅಂಗಡಿಯೊಳಗೆ ಬಂದಳು. “ಸಾಬ್ರೇ, ಇದು ಕಲ್ಲು ಎಣಸ್ತದೇನ್ರೀ?”

“ಕಲ್ಲಾ? ಇಲ್ಲಮ್ಮಾ. ಜೀವ ಇದ್ರೆ ಮಾತ್ರ.”

ಅವಳು ಒಳಗೇ ನಿಂತು ಕಲ್ಲನ್ನು ಹೊಸಿಲಾಚೆ ಎಸೆದಳು.

ಟಕ್.

ಸಾಬರು ಮುಖ ತಿರುಗಿಸಿಕೊಂಡರು. ಹಾಗಾದರೆ ಮೊದಲಿನ ನಾಲ್ಕನೆಯ ಎಣಿಕೆ ಹೊಟ್ಟೆಯ ಕೂಸಿನದಲ್ಲ, ಈ ಕಲ್ಲಿನದು. ಜಟ್ಟೆಮ್ಮನಿಗೆ ಅಳು ಒತ್ತರಿಸಿ ಬಂತು. ಸೊಸೆ ನೋಡಿಯಾಳೆಂದು ನುಂಗಿಕೊಂಡು, ಹೊರಗೆ ಬಂದು ಕಲ್ಲನ್ನು ಎತ್ತಿಕೊಂಡಳು. ನೆರಳಲ್ಲಿ ಬಿದ್ದಿದ್ದರೂ ಅದು ಬೆಚ್ಚಗಿತ್ತು. ಅಂಗೈಯೊಳಗೆ ಏನೋ ಮೆಲ್ಲಗೆ ಮಿಡಿಯಿತು, ನಿಂತಿತು, ಮತ್ತೆ ಮಿಡಿಯಿತು.

ಆಟೋದಲ್ಲಿ ನಾಗರತ್ನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇನ್ನೂ ನಗುತ್ತಿದ್ದಳು. ಜಟ್ಟೆಮ್ಮ ಪಕ್ಕದಲ್ಲಿ ಕೂತು, ಕಲ್ಲಿಗೆ ಸೆರಗು ಹೊದಿಸಿ ಎದೆಗೆ ಒತ್ತಿಕೊಂಡಳು.

“ಸಾವಕಾಶ ನಡಸಪ್ಪಾ,” ಎಂದಳು ಡ್ರೈವರಿಗೆ. “ಕೂಸು ಅದ.”