ಒಂದೇ ಬಕೆಟ್ಟು

ಪಶುವೈದ್ಯರು ತಂಗಿಯ ಹೆಣ್ಣುಕುದುರೆಯ ಕತ್ತಿನ ಚರ್ಮ ಚಿವುಟಿ ಬಿಟ್ಟರು. ಮಡಿಕೆ ಹಾಗೆಯೇ ನಿಂತಿತು. “ಮೈಯಲ್ಲಿ ನೀರೇ ಇಲ್ಲಮ್ಮ. ಈ ಬಿಸಿಲಲ್ಲಿ ಕುಡೀದಿದ್ರೆ ಜೀವಕ್ಕೇ ಅಪಾಯ.” ತಂಗಿ ಬಕೆಟ್ಟು ಹಿಡಿದು ಗೋಗರೆದಳು. ಕುದುರೆ ಮುಖ ತಿರುಗಿಸಿತು.

ಇಬ್ಬರೂ ಇಳಿದಿದ್ದ ನೂರು ಕಿಲೋಮೀಟರ್ ಕುದುರೆ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ಅಕ್ಕ ನಡುದಾರಿಯ ತಪಾಸಣೆ ಮುಗಿಸಿ, ಮತ್ತೆ ಓಟಕ್ಕೆ ಬಿಡುವ ಗೇಟು ದಾಟುವುದರಲ್ಲಿದ್ದಳು. ತಿರುಗಿ ನೋಡಿದವಳು ಕೆಳಗಿಳಿದು, ತನ್ನ ಕುದುರೆಯನ್ನು ನಡೆಸಿಕೊಂಡು ಬಂದು ಅದೇ ಬಕೆಟ್ಟಿಗೆ ಬಾಯಿ ಹಾಕಿಸಿದಳು. ಅದು ಸೊರ್ರನೆ ಹೀರತೊಡಗಿತು.

“ಅಕ್ಕಾ, ಹೋಗೇ! ಹಿಂದಿನೋರು ಬಂದ್ಬಿಟ್ರು!”

“ಗೇಟೇನು ಓಡಿಹೋಗಲ್ಲ. ಇವಳೂ ನಿನ್ನ ಹಾಗೇನೇ, ಜೊತೆಗೊಬ್ರು ಇಲ್ದೆ ಬಾಯಿಗೇನೂ ಹಾಕ್ಕೊಳ್ಳೋಳಲ್ಲ.”

ಹೆಣ್ಣುಕುದುರೆಯ ಕಿವಿ ಆ ಸದ್ದಿನತ್ತ ಹೊರಳಿತು. ಮೂತಿ ಮೆಲ್ಲಗೆ ನೀರಿಗಿಳಿಯಿತು. ಅಷ್ಟರಲ್ಲಿ ಒಬ್ಬನಲ್ಲ, ಮೂವರು ಸವಾರರು ಗೇಟು ದಾಟಿದರು. ಅಕ್ಕ ಮಾತ್ರ ತಂಗಿಯ ಕುದುರೆಯ ಗಂಟಲ ಮೇಲೆ ಕೈಯಿಟ್ಟು ಗುಟುಕು ಎಣಿಸುತ್ತಿದ್ದಳು.