ಬೀದಿ ಕೊಟ್ಟ ಉಸಿರು

ಆ ಕಾಲದಲ್ಲಿ ಪ್ರತಿ ಮನೆಯ ಸ್ವಿಚ್ ಬೋರ್ಡಿನೊಳಗೂ ಒಂದು ಪುಟ್ಟ ಚಿಪ್ ಇರುತ್ತಿತ್ತು. ಕರೆಂಟು ಸಾಲದಾದಾಗ, ಬೀದಿಯಲ್ಲಿ ಯಾರಿಗೆ ಅದು ತೀರಾ ಅಗತ್ಯವೆಂದು ತಂತಿಯಲ್ಲೇ ತಿಳಿದುಕೊಂಡು, ಅವರಿಗೆ ಉಳಿಸಿಕೊಡಲು ತನ್ನ ಮನೆಯ ಫ್ಯಾನು ಆರಿಸುತ್ತಿತ್ತು. ಒಪ್ಪದವರು ಗುಂಡಿ ಒತ್ತಿದರೆ ಫ್ಯಾನು ಮತ್ತೆ ತಿರುಗುತ್ತಿತ್ತು.

ನೀಲಗಂಗಮ್ಮನ ಹಳೆಯ ಬೀದಿಯಲ್ಲಿ ಒಮ್ಮೆ ಎಲ್ಲರೂ ಗುಂಡಿ ಒತ್ತಿದ್ದರು. ಗಂಡ ಚನ್ನವೀರಪ್ಪನ ಉಸಿರಾಟದ ಯಂತ್ರ ನಿಂತು, ಅವನು ಬದುಕಿದ್ದೇ ಹೆಚ್ಚಾಗಿತ್ತು. ಅದಕ್ಕೇ ಇಬ್ಬರೂ ಕಲಬುರಗಿಯ ಈ ಬೀದಿಗೆ ಬಂದು ಇಪ್ಪತ್ತು ದಿನವಾಗಿತ್ತು. ಇಲ್ಲಿ ಅವರಿಗೆ ಯಾರ ಪರಿಚಯವೂ ಇರಲಿಲ್ಲ.

ಅಂದು ಕೆಂಡದಂಥ ಮಧ್ಯಾಹ್ನ, ಊರಿಗೆಲ್ಲ ಕರೆಂಟು ಅರ್ಧಕ್ಕಿಳಿಯಿತು. ಯಂತ್ರ ಮಾತ್ರ ನಿಲ್ಲಲೇ ಇಲ್ಲ. ನಂಬಲಾಗದೆ ನೀಲಗಂಗಮ್ಮ ಬಾಗಿಲು ತೆರೆದಳು. ಇಡೀ ಬೀದಿಯೇ ಬೇವಿನ ಮರದಡಿ ಕೂತು ಮೊರ, ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿತ್ತು.

"ಯಾರೂ ಗುಂಡಿ ಒತ್ತಿಲ್ಲೇನ್ರಿ?" ಎಂದಳು.

ಎದುರುಮನೆಯ ಖೈರುನ್ನಿಸಾ ಸರಿದು ಜಾಗ ಮಾಡಿದಳು. "ಅದೆಲ್ಲಾ ಬಿಡ್ರಿ ಅಕ್ಕಾ. ಅಣ್ಣಾರು ಹ್ಯಾಂಗದಾರ?"

"ನಿದ್ದಿ ಹತ್ಯಾದ್ರಿ," ಎನ್ನುತ್ತ ನೀಲಗಂಗಮ್ಮ ಆ ಜಾಗದಲ್ಲಿ ಕೂತಳು.

ಮರದಡಿಯ ಹರಟೆಯೆಲ್ಲ ಥಟ್ಟನೆ ಪಿಸುಮಾತಿಗಿಳಿಯಿತು.