ಸೆರಗಿನ ಗಂಟಿನಲ್ಲಿದ್ದ ಮಾತ್ರೆ

ಈಗಲೂ ಮಾತ್ರೆಯ ಕಹಿ ನಾಲಿಗೆಗೆ ತಾಗಿದರೆ ನನಗೆ ಶೇಷಮ್ಮನ ಸೆರಗಿನ ಗಂಟು ನೆನಪಾಗುತ್ತದೆ.

ಕಳಸದ ಆಚೆ, ಬಿಳಿ ದೊರೆಯ ಕಾಫಿ ತೋಟದ ಕೂಲಿಗಳ ಸಾಲುಮನೆ ಲೈನಿನಲ್ಲಿ ಅವಳದು ನಮ್ಮ ಪಕ್ಕದ ಮನೆ. ಮಗಳು ಗಿರಿಜೆಗೆ ಇಪ್ಪತ್ತಾದರೂ ಬುದ್ಧಿ ಬೆಳೆದಿರಲಿಲ್ಲ. ಉಣಿಸುವುದು, ತೊಳೆಯುವುದು ಎಲ್ಲ ತಾಯಿಯೇ. ಮಲೇರಿಯಾದ ದಿನಗಳಲ್ಲಿ ಕಾಂಪೌಂಡರ್ ಜ್ವರ ಬಾರದಿರಲೆಂದು ಎಲ್ಲರಿಗೂ ದಿನಾ ಕ್ವಿನೈನ್ ಮಾತ್ರೆ ಹಂಚುತ್ತಿದ್ದರು. ಒಂದು ಮಧ್ಯಾಹ್ನ ಶೇಷಮ್ಮ ತನ್ನ ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡದ್ದನ್ನು ಕಂಡೆ.

“ನುಂಗಲ್ವಾ?” ಎಂದೆ.

“ಜ್ವರ ಬಂದ್ರೆ ನಾಕು ದಿನ ಮಲಗ್ಬೋದು ಮಾರಾಯ್ತಿ. ಆಗ ನಿನ್ನಮ್ಮ ಗಿರಿಜೆನ ನೋಡ್ಕೊಳ್ತಾಳೆ. ಯಾರಿಗೂ ಹೇಳ್ಬೇಡ.”

ಅವಳು ಸತ್ತೇಹೋಗುತ್ತಾಳೆಂದು ಹೆದರಿ ಅಮ್ಮನಿಗೆ ಹೇಳಿಬಿಟ್ಟೆ.

“ಅವ್ಳು ಹೋದ್ರೆ ಆ ಹುಡುಗೀನ ಯಾರು ನೋಡ್ತಾರೆ?” ಎನ್ನುತ್ತ ಅಮ್ಮ ಕಾಂಪೌಂಡರ್ ಬಳಿ ಓಡಿದಳು.

ಮರುದಿನದಿಂದ ಅವರು ಶೇಷಮ್ಮನಿಗೆ ಎದುರಲ್ಲೇ ನುಂಗಿಸಿ, ಬಾಯಿ ತೆರೆಸಿ ನೋಡತೊಡಗಿದರು. ಆ ವರ್ಷ ಅವಳಿಗೆ ಒಂದು ದಿನವೂ ಜ್ವರ ಬರಲಿಲ್ಲ.